ಅವ್ವ, ಖಾಲಾ ಮತ್ತು ಇಳಿದ ಬ್ಯಾಟರಿ

ನಾನು ಚಿತ್ತಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ಇರುವುದು ಸೇಡಂನಲ್ಲಿ. ದಿನವೂ ರೈಲಿಗೆ ಹೋಗಿ ರೈಲಿಗೇ ಬರುವುದರಿಂದ ನಮ್ಮ ಕಾರು ವಾರದ ಬಹುಪಾಲು ಮನೆಯ ಮಗ್ಗುಲಲ್ಲಿ, ಬೇವಿನ ಮರದ ಕೆಳಗೆ ನಿಂತೇ ಇರುತ್ತದೆ. ಬಸ್ಸಿನ ಮೆಟ್ಟಿಲು ಹತ್ತಲು ಅವ್ವನ ಮೊಣಕಾಲು ಒಲ್ಲೆ ಅಂದಮೇಲೆ ತಂದ ಹಳೇ ಕಾರು ಅದು. ಅವ್ವನನ್ನು ಕಲಬುರಗಿಯ ಡಾಕ್ಟರ ಹತ್ತಿರ, ಇಲ್ಲವೇ ಚಿಮ್ಮನಚೋಡದಲ್ಲಿರುವ ನನ್ನ ತಂಗಿಯ ಮನೆಗೆ ಕರೆದೊಯ್ಯುವುದೇ ಅದರ ಮುಖ್ಯ ಕೆಲಸ.

ಆ ಶ್ರಾವಣದಲ್ಲಿ ತಂಗಿಯ ಮಗಳ ಕುಬಸಕ್ಕೆ, ಎಂದರೆ ಸೀಮಂತಕ್ಕೆ, ದಿನ ಗೊತ್ತಾಗಿತ್ತು. ಚೊಚ್ಚಲ ಬಸುರಿ. ಅವ್ವ ಹಸಿರು ಸೀರೆ, ಹಸಿರು ಬಳೆ, ಖಣ ಎಲ್ಲ ತಾನೇ ಅಂಗಡಿಗೆ ಬಂದು ಆರಿಸಿದ್ದಳು. ಭಾನುವಾರ ಬೆಳಿಗ್ಗೆ ನಾವು ಹೊರಟು ನಿಂತಾಗ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಎಲ್ಲರಿಗಿಂತ ಮೊದಲು ಕೂತವಳು ಅವಳೇ. ಹೆಂಡತಿ ಹೋಳಿಗೆಯ ಡಬ್ಬಿ ಹಿಡಿದು ಹಿಂದೆ ಹತ್ತಿದಳು. ನಾನು ಕೀಲಿ ತಿರುವಿದೆ. ಕಟ್ ಕಟ್ ಕಟ್ ಅಂದಿತು, ಅಷ್ಟೇ. ಇನ್ನೊಮ್ಮೆ ತಿರುವಿದಾಗ ಮೀಟರಿನ ದೀಪಗಳೂ ಮಂಕಾಗಿ ಆರಿದವು.

ನಮ್ಮ ಓಣಿಯಲ್ಲಿ ಕಾರು ಸ್ಟಾರ್ಟ್ ಆಗದಿದ್ದರೆ ಯಾರನ್ನೂ ಕರೆಯಬೇಕಿಲ್ಲ. ವಾಡಿಯಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾದ ಎದುರು ಮನೆಯ ಹಿರಿಯರು ಲುಂಗಿಯಲ್ಲೇ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟರು.

"ಇದು ಬ್ಯಾಟರಿ ಅಲ್ರಿ ಸರ. ಸೆಲ್ಫ್ ಹೋಗ್ಯಾದ," ಅಂದರು.

ಮೂಲೆಯ ಕಿರಾಣಿ ಅಂಗಡಿಯವನು ಒಪ್ಪಲಿಲ್ಲ. "ಹಾರ್ನ್ ಹೊಡೀರಿ, ನೋಡಮು." ಹೊಡೆದೆ. ನೆಗಡಿಯಾದವರು ಕೂಗಿದ ಹಾಗೆ ಬಂತು. "ನೋಡ್ರಿ, ಹಾರ್ನಿಗೇ ದಮ್ಮಿಲ್ಲ. ಬ್ಯಾಟರೀನೇ ಇಳದದ."

"ಹಾರ್ನ್ ಆದರೂ ಬಂತಲ್ಲ," ಅಂತ ಹಿರಿಯರು ತಮ್ಮ ಪಟ್ಟು ಬಿಡಲಿಲ್ಲ.

ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿಯ ತುದಿಗಳ ಮೇಲೆ ಸುಣ್ಣದಂಥ ಬಿಳಿ ಪುಡಿ ಕಟ್ಟಿತ್ತು. ಹೆಂಡತಿ ಇಳಿದು ಹೋಗಿ, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಸಿನೀರು ತಂದಳು. ನೀರು ಸುರಿದು, ತಿಕ್ಕಿ, ತಂತಿ ಬಿಗಿ ಮಾಡಿದರೂ ಅದೇ ಕಟ್ ಕಟ್. ಧಕ್ಕಾ ಹೊಡೆಯೋಣವೆಂದರೆ ರಾತ್ರಿಯ ಮಳೆಗೆ ಮರದ ಕೆಳಗಿನ ಕರಿಮಣ್ಣು ಗಾಲಿಯನ್ನು ಹಿಡಿದುಬಿಟ್ಟಿತ್ತು. ನಾಲ್ಕು ಜನ ತಳ್ಳಿದರೂ ಕಾರು ಅಲುಗಾಡಲಿಲ್ಲ. ಬೇರೆ ಗಾಡಿಯ ಬ್ಯಾಟರಿಯಿಂದ ತಂತಿ ಕೊಟ್ಟು ನೋಡುವುದೊಂದೇ ದಾರಿ ಉಳಿಯಿತು. ಪಕ್ಕದ ಮನೆಯಲ್ಲಿ ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವವರ ಮಗನಿಗೆ ಒಂದು ಸಣ್ಣ ಗೂಡ್ಸ್ ಗಾಡಿ ಇದೆ. ಶಹಾಬಾದಿನಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೇರುತ್ತಾನೆ. ಫೋನ್ ಮಾಡಿದೆ. ಕೋಡ್ಲಾದಲ್ಲಿ ಕಲ್ಲು ಇಳಿಸುತ್ತಿದ್ದೇನೆ, ಖಾಲಿ ಮಾಡಿಕೊಂಡು ನೇರ ಬರುತ್ತೇನೆ ಅಂದ.

ಇಷ್ಟೆಲ್ಲ ನಡೆಯುವಾಗ ಅವ್ವ ಕಾರಿನಿಂದ ಇಳಿದಿರಲಿಲ್ಲ. ಅವಳಿಗೆ ಎರಡು ವರ್ಷದಿಂದ ಕಿವಿ ಮಂದ. ಎಡಗಿವಿಯಲ್ಲಂತೂ ಏನೂ ಉಳಿದಿಲ್ಲ. ಮೊದಮೊದಲು "ಆಂ?" ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನೂ ಬಿಟ್ಟು ಸುಮ್ಮನೆ ತಲೆಯಾಡಿಸತೊಡಗಿದಳು. ಚಹಾ ಬೇಕಾ ಎಂದರೂ ತಲೆಯಾಡಿಸುವಳು, ಇಂಥವರು ತೀರಿಕೊಂಡರಂತೆ ಎಂದರೂ ತಲೆಯಾಡಿಸುವಳು. ಕಿವಿಗೆ ಮಶೀನು ಹಾಕಿಸೋಣವೆಂದರೆ ಅದಕ್ಕೆ ಮಾತ್ರ ಅಡ್ಡಡ್ಡ ತಲೆಯಾಡಿಸುವಳು. ಮನೆಯಲ್ಲಿ ಅವಳೊಡನೆ ಮಾತೆಂದರೆ ಊಟ, ಗುಳಿಗೆ, ಬಾಗಿಲು ಎಂದು ಕೂಗುವುದಷ್ಟೇ ಉಳಿದಿತ್ತು.

"ಒಳಗಿನ ಲೈಟ್ ಯಾರಾದರೂ ಹಚ್ಚಿಟ್ಟಿದ್ದರಾ?" ಎಂದು ನಾನು ಹೆಂಡತಿಯನ್ನು ಕೇಳುತ್ತಿದ್ದಾಗ ಖಾಲಾ ತಮ್ಮ ಬಾಗಿಲಿನಿಂದ ಹೊರಬಂದರು. ಅವ್ವನಿಗಿಂತ ನಾಲ್ಕೈದು ವರ್ಷ ಚಿಕ್ಕವರು, ತೆಳ್ಳಗೆ, ದನಿಯೂ ತೆಳ್ಳಗೆ. ನಾನು ಹುಟ್ಟುವ ಮೊದಲಿನಿಂದಲೂ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಬಂದವರು ನೇರ ಕಾರಿನ ಕಿಟಕಿಗೆ ಹೋಗಿ ಅವ್ವನ ಮುಖ ನೋಡಿದರು. ಅವ್ವ ಅವರ ಮುಖ ನೋಡಿದಳು. ಆಮೇಲೆ ಖಾಲಾ ನನ್ನ ಕಡೆ ತಿರುಗಿದರು.

"ಬೇಟಾ, ಯಾರಿಗೂ ಏನೂ ಅನಬ್ಯಾಡ. ಇದು ನಮ್ಮದೇ ಕೆಲಸ ಅದ."

"ಯಾವ ಕೆಲಸ ಖಾಲಾ?"

"ನೀ ಶಾಲಿಗಿ ಹೋದ ಮ್ಯಾಲ, ಮಧ್ಯಾಹ್ನ ಸೊಸಿ ಟಿವಿ ಮುಂದ ಕುಂತಾಗ ನಾವಿಬ್ರೂ ಗಾಡ್ಯಾಗ ಕುಂದ್ರತೀವಿ. ದಿನಾ. ಮಳಿ ಬರ್ತಾದಂತ ಗ್ಲಾಸ್ ಏರಿಸ್ತೀವಿ. ಒಳಗ ಧಗಿ ಆಗ್ತಾದಂತ ಕೀಲಿ ಒಂದೀಟು ತಿರುವಿ ಫ್ಯಾನ್ ಹಾಕ್ತೀವಿ. ಸಣ್ಣಗೇ ಹಾಕ್ತೀವಿ, ಒಂದರ ಮ್ಯಾಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಸೀಟಿನ ಸಂದಿಯಲ್ಲಿ ಆಗಾಗ ತೊಗರಿಬೇಳೆಯ ಕಾಳು ಸಿಗುತ್ತಿದ್ದುದೂ, ಡ್ರೈವರ್ ಸೀಟು ನಾನು ಬಿಟ್ಟುಹೋದ ಜಾಗದಿಂದ ಹಿಂದೆ ಸರಿದಿರುತ್ತಿದ್ದುದೂ ನೆನಪಾಯಿತು. ಅದನ್ನೆಲ್ಲ ಮಾಡುವವಳು ಹೆಂಡತಿ ಎಂದು ನಾನೂ, ನಾನು ಎಂದು ಅವಳೂ ತಿಳಿದಿದ್ದೆವು.

"ಮನ್ಯಾಗ ಕುಂದ್ರಬಹುದಲ್ಲ ಖಾಲಾ? ಕಾರಿನಾಗ ಯಾಕ?"

"ಮನ್ಯಾಗ ಅಕ್ಕಗ ನನ್ನ ಮಾತು ಕೇಳಂಗಿಲ್ಲ, ಬೇಟಾ. ನಿಮ್ಮನ್ಯಾಗ ಟಿವಿ, ನಮ್ಮನ್ಯಾಗ ಹೊಲಿಗಿ ಮಶೀನ, ಓಣ್ಯಾಗ ಗಾಡಿಗೋಳು. ಇಲ್ಲಿ ಗ್ಲಾಸ್ ಏರಿಸಿದ್ರ ಎಲ್ಲಾ ಬಂದ್. ನಾ ಆಕಿ ಬಲಗಿವಿ ಕಡಿ ಕುಂದ್ರತೀನಿ. ಹಗೂರ ಮಾತಾಡಿದ್ರೂ ಕೇಳ್ತದ ಆಕಿಗಿ."

ಅವ್ವನ ಬಲಗಿವಿಯ ಕಡೆ ಅಂದರೆ ಡ್ರೈವರ್ ಸೀಟು. ನಾನು ಚಿತ್ತಾಪುರದಲ್ಲಿ ಬೀಜಗಣಿತ ಹೇಳಿಕೊಡುವ ಹೊತ್ತಿಗೆ ಖಾಲಾ ನಮ್ಮ ಕಾರಿನ ಸ್ಟೇರಿಂಗ್ ಹಿಂದೆ ಕೂತು, ಬೇಳೆ ಆರಿಸುವ ಮೊರ ತೊಡೆಯ ಮೇಲಿಟ್ಟುಕೊಂಡು, ಅವ್ವನೊಡನೆ ಲೋಕಾಭಿರಾಮ ಮಾತಾಡುತ್ತಿದ್ದರು. ಎದುರು ಮನೆಯ ಹಿರಿಯರು ಕೆಮ್ಮಿದರು. "ನಾ ನೋಡೀನಿ ಸರ. ನೀವ ಕುಂದ್ರಿಸೀರಿ ಅಂತ ತಿಳ್ಕೊಂಡಿದ್ದೆ."

ಹೆಂಡತಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ. ಅವ್ವನಿಗೆ ಮಾತಿನ ಮೇಲೆ ಆಸೆ ಹೋಗಿದೆ ಎಂದುಕೊಂಡಿದ್ದೆವು. ಅವಳು ಮಾತು ಕೇಳಿಸುವ ಒಂದು ಜಾಗವನ್ನು ತಾನೇ ಹುಡುಕಿಕೊಂಡಿದ್ದಳು.

ಖಾಲಾಳ ಮಗ ಗಾಡಿ ತಂದು ನಮ್ಮ ಕಾರಿಗೆ ಮುಖ ಕೊಟ್ಟು ನಿಲ್ಲಿಸಿದ. ತಾಯಿ ಮಾಡಿದ್ದನ್ನು ಕೇಳಿ, "ಅಮ್ಮೀ, ಲೈಸೆನ್ಸ್ ಇಲ್ಲದಂಗ ಸ್ಟೇರಿಂಗ್ ಹಿಡದಿ?" ಅಂತ ಅಂದು ತಂತಿ ತೆಗೆದ. ಕೆಂಪನ್ನು ಕೆಂಪಿಗೆ ಕೊಟ್ಟು, ಕರಿಯದನ್ನು ಎಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿ, ತನ್ನ ಗಾಡಿಯನ್ನು ಸ್ವಲ್ಪ ಹೊತ್ತು ಓಡಲು ಬಿಟ್ಟ. ನಾನು ಕೀಲಿ ತಿರುವಿದೆ. ಒಂದು ಸಲ ನರಳಿ, ಎರಡನೆಯದಕ್ಕೆ ಎಂಜಿನ್ ಹತ್ತಿಕೊಂಡಿತು. ಕಿರಾಣಿ ಅಂಗಡಿಯವನು ಹಿರಿಯರ ಕಡೆ ನೋಡಿದ. ಹಿರಿಯರು ಆಕಾಶದ ಕಡೆ ನೋಡಿ ಮಳೆ ಬರುವ ಹಾಗಿದೆ ಅಂದರು.

"ದಾರ್ಯಾಗ ಬಂದ್ ಮಾಡಬ್ಯಾಡ್ರಿ ಸರ," ಎಂದು ಖಾಲಾಳ ಮಗ ಹೇಳುತ್ತಿದ್ದಾಗ ಅವ್ವ ಮೊದಲ ಸಲ ಬಾಯಿ ತೆರೆದಳು. ಖಾಲಾಳ ಕೈ ಹಿಡಿದು, "ನೀನೂ ನಡಿ," ಅಂದಳು. ಖಾಲಾ ಬೇಡವೆಂದರು, ಬಟ್ಟೆ ಸರಿಯಿಲ್ಲವೆಂದರು. ಅವ್ವ ಕೈ ಬಿಡಲಿಲ್ಲ. ಖಾಲಾ ಒಳಗೆ ಹೋಗಿ ಬುರ್ಖಾ ತೊಟ್ಟು, ಒಂದು ಸಣ್ಣ ಅತ್ತರಿನ ಶೀಶೆಯನ್ನು ಬಸುರಿಗೆಂದು ಹಿಡಿದುಕೊಂಡು ಬಂದರು. ಅವರ ಮಗ ಗಾಲಿಗಳ ಕೆಳಗೆ ಫರ್ಸಿಯ ಚೂರು ಕೊಟ್ಟ ಮೇಲೆ ಕಾರು ಕೆಸರಿನಿಂದ ಹೊರಬಂತು.

ಸೇಡಂ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ನಾನು ಗಾಜು ಏರಿಸಿ ಫ್ಯಾನು ಹಾಕಿದೆ, ಒಂದರ ಮೇಲೆ. ಎರಡೂ ಕಡೆ ತೊಗರಿ ಹೊಲಗಳು ಹಸಿರಾಗಿ ನೆನೆಯುತ್ತಿದ್ದವು. ಹಿಂದಿನ ಸೀಟಿನಲ್ಲಿ ಹೆಂಡತಿ ಖಾಲಾಳಿಗೆ ಮೆಲ್ಲಗೆ ಹೇಳುತ್ತಿದ್ದಳು, "ಅತ್ತಿ ಸೀರಿ ಬಣ್ಣ ಚೊಲೊ ಆರಿಸ್ಯಾರ ಖರೆ. ಅಂಚು ಮಾತ್ರ ಭಾಳ ದೊಡ್ಡದಾತು."

"ಆಕಿ ಉದ್ದ ಅದಾಳ," ಎಂದು ಮುಂದಿನಿಂದ ಅವ್ವ ಅಂದಳು. "ಉದ್ದ ಇದ್ದವರಿಗಿ ದೊಡ್ಡ ಅಂಚೇ ಒಪ್ಪತದ."

ಖಾಲಾ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. ನಾನು ರಸ್ತೆ ನೋಡುತ್ತಲೇ, ಕೂಗದೆ, ಎಂದಿನ ದನಿಯಲ್ಲಿ ಕೇಳಿದೆ.

"ಅವ್ವಾ, ನಂದೂ ಕೇಳಾಕತ್ತದೇನು?"

"ಕೇಳಾಕತ್ತದ. ನೀ ಒದರಂಗಿಲ್ಲಂದ್ರ ಎಲ್ಲಾ ಕೇಳ್ತದ."

ಆಮೇಲೆ ಅವಳು ಮಾತಾಡುತ್ತಲೇ ಹೋದಳು. ನಮ್ಮ ಶಾಲೆಯ ಹೆಡ್ಮಾಸ್ತರರ ಮುರಿದ ಕಾಲು ಕೂಡಿತಾ ಎಂದು ಕೇಳಿದಳು. ಸೊಸೆ ಸಾರಿಗೆ ಹುಣಸೆಹಣ್ಣು ಕಡಿಮೆ ಮಾಡಿದ್ದು ಒಳ್ಳೆಯದಾಯಿತು ಅಂದಳು. ನನ್ನನ್ನು ಹಡೆಯುವ ಮುಂಚೆ ತನ್ನ ಕುಬಸ ನಡೆದದ್ದನ್ನು ಹೇಳಿದಳು. ಆಗ ಹೊಸ ಮದುಮಗಳಾಗಿ ಪಕ್ಕದ ಮನೆಗೆ ಬಂದಿದ್ದ ಖಾಲಾ, ಆರತಿಯ ಹೊತ್ತಿಗೆ ನಾಚಿಕೊಂಡು ಬಾಗಿಲ ಹಿಂದೆ ನಿಂತಿದ್ದಳಂತೆ. ಅವ್ವನೇ ಎದ್ದುಹೋಗಿ ಕರೆತಂದು ಮಗ್ಗುಲಲ್ಲಿ ಕೂರಿಸಿಕೊಂಡಳಂತೆ. ನಾನು ಆ ಕಥೆಯನ್ನು ಹಿಂದೆಂದೂ ಕೇಳಿರಲಿಲ್ಲ.

ಚಿಮ್ಮನಚೋಡದಲ್ಲಿ ತಂಗಿಯ ಮನೆಯ ಮುಂದಿನ ಇಳಿಜಾರಿನಲ್ಲಿ ಕಾರು ನಿಲ್ಲಿಸಿದೆ, ಬೇಕಾದರೆ ಉರುಳಿಸಿ ಸ್ಟಾರ್ಟ್ ಮಾಡಬಹುದೆಂದು. ಕುಬಸ ಚೆನ್ನಾಗಿ ನಡೆಯಿತು. ಹೆಂಗಸರ ಗದ್ದಲದಲ್ಲಿ ಅವ್ವ ಮತ್ತೆ ತಲೆಯಾಡಿಸುತ್ತ ಕೂತಳು. ಆದರೆ ಊಟವಾದ ಮೇಲೆ ಬಸುರಿ ಮೊಮ್ಮಗಳು ಹಸಿರು ಸೀರೆಯುಟ್ಟುಕೊಂಡು, "ಮಾಮಾ, ಕಾರಿನ ಕೀಲಿ ಕೊಡು," ಎಂದು ನನ್ನ ಹತ್ತಿರ ಬಂದಳು. ಖಾಲಾ ಅವಳಿಗೆ ವಿಷಯ ಹೇಳಿಬಿಟ್ಟಿದ್ದರು. ಕೀಲಿ ಕೊಡಲಿಲ್ಲ, ಬಾಗಿಲು ತೆರೆದುಕೊಟ್ಟೆ. ಅಜ್ಜಿ ಮೊಮ್ಮಗಳು ಗಾಜು ಏರಿಸಿಕೊಂಡು, ಫ್ಯಾನಿಲ್ಲದೆ, ಬಹಳ ಹೊತ್ತು ಕೂತಿದ್ದರು. ಏನು ಮಾತಾಡಿದರೆಂದು ಇಬ್ಬರೂ ಹೇಳಲಿಲ್ಲ. ಮೊಮ್ಮಗಳು ಇಳಿದು ಬರುವಾಗ ಅತ್ತಿದ್ದಳು, ಆದರೆ ಮುಖ ಹಗುರಾಗಿತ್ತು.

ಮರುದಿನ ಸೇಡಂನ ಅಂಗಡಿಯಲ್ಲಿ ಪರೀಕ್ಷಿಸಿದಾಗ ಬ್ಯಾಟರಿಯ ಆಯುಷ್ಯವೇ ಮುಗಿದಿದೆ, ಫ್ಯಾನು ಬರೀ ನೆಪ ಎಂದರು. ಈ ಮಾತನ್ನು ಖಾಲಾಳಿಗೆ ತಿಳಿಸಿದಾಗ ಅವರಿಗೆ ಸಮಾಧಾನವಾಯಿತು. ಹೊಸ ಬ್ಯಾಟರಿ ಹಾಕಿಸಿದೆ. ಅವ್ವ ಕೊನೆಗೆ ಕಿವಿಗೆ ಮಶೀನು ಹಾಕಿಸಿಕೊಂಡಳು, ಆದರೆ ಅದರಲ್ಲಿ ಲೋಕವೆಲ್ಲ ಪಾತ್ರೆ ತೊಳೆದಂತೆ ಕೇಳುತ್ತದೆ ಎಂದು ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ.

ಈಗ ರೈಲಿನಿಂದ ಬಂದು ಚಹಾ ಕುಡಿದ ಮೇಲೆ ನಾನು ಕಾರು ತೆಗೆಯುತ್ತೇನೆ. ಬ್ಯಾಟರಿ ಚಾರ್ಜ್ ಆಗಲಿ ಎಂದು ಮನೆಯಲ್ಲಿ ಹೇಳುವುದು. ಅವ್ವ ಮುಂದೆ, ಖಾಲಾ ಹಿಂದೆ. ಮಳಖೇಡದ ರಸ್ತೆಯಲ್ಲಿ ಆದಿತ್ಯನಗರದ ತನಕ ಹೋಗಿ ತಿರುಗುತ್ತೇವೆ. ಮೊನ್ನೆ ಖಾಲಾ ದಾರಿಯಲ್ಲಿ ಮಿರ್ಚಿ ಭಜಿ ಕೊಳ್ಳಬೇಕೆಂದರು. ಬಿಸಿ ಭಜಿಯನ್ನು ಮೂವರೂ ಕಾರಿನಲ್ಲೇ, ಗಾಜು ಏರಿಸಿಕೊಂಡೇ ತಿಂದೆವು. ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತ ಅವ್ವ, ನಾಳೆ ಇನ್ನೊಂದು ಪ್ಲೇಟ್ ಹೆಚ್ಚು ಹೇಳು, ಸೊಸೆಯನ್ನೂ ಕರಕೊಂಡು ಬರೋಣ ಅಂದಳು.