ವಾಸನೆ ಸತ್ತ ಸಾಗವಾನಿ

ಅಕ್ಕಲಕೋಟೆಯ ಬಡಗಿ ಕಲ್ಲಣ್ಣ ಸುತಾರ ಕಟ್ಟಿಗೆಯನ್ನು ಮೂಗಿನಿಂದ ಪರೀಕ್ಷಿಸುತ್ತಿದ್ದ. ಹಲಗೆ ನಯಗೊಳಿಸುವ ರಂದಾ ಹೊಡೆದು, ಸುರುಳಿಯಾಗಿ ಎದ್ದ ಸಿಪ್ಪೆಯನ್ನು ಮೂಸಿ, ಮನಸ್ಸಿಗೆ ಬಂದರೆ ಮಾತ್ರ ಹಲಗೆ ಕೊಳ್ಳುತ್ತಿದ್ದ.

ಬಡಗಿಗಳಿದ್ದ ಅವನ ಓಣಿ ಬೆಳೆದದ್ದು ಸೋಲಾಪುರದ ಬಟ್ಟೆ ಗಿರಣಿಗಳ ಪಗಾರದಿಂದ. ಗಿರಣಿಯವರ ಮನೆಯ ಮದುವೆಗೆ ಸಾಗವಾನಿಯ ಮಂಚ, ಕಪಾಟು ಬೇಕೇ ಬೇಕಿದ್ದವು; ಕೆಡವಿದ ಹಳೆಯ ವಾಡೆ ಮನೆಗಳ ತೊಲೆಗಳು ಅದಕ್ಕೆ ಒದಗುತ್ತಿದ್ದವು. ಗಿರಣಿಗಳು ಮುಚ್ಚಿದವು, ಕಬ್ಬಿಣದ ಕಪಾಟುಗಳು ಬಂದವು, ಆಮೇಲೆ ಪ್ಲೈವುಡ್. ಓಣಿಯ ಅಂಗಡಿಗಳು ಒಂದೊಂದಾಗಿ ಕದ ಹಾಕಿದವು. ಕಲ್ಲಣ್ಣ ಉಳಿದ.

ಕೆಲವು ವರ್ಷಗಳ ಹಿಂದೆ ಅವನು, “ಈಗಿನ ಸಾಗವಾನಿಗೆ ವಾಸನೀನ ಇಲ್ಲ” ಎನ್ನತೊಡಗಿದ. ಕೇಳಿದವರೆಲ್ಲ ತಲೆಯಾಡಿಸಿದರು. ನಶಿಸುತ್ತಿರುವ ಕಸುಬಿನಲ್ಲಿ ಇಂಥ ಮಾತಿಗೆ ಯಾರೂ ಪುರಾವೆ ಕೇಳುವುದಿಲ್ಲ.

ಹಳೆಯ ತೊಲೆ ಮಾರುವ ಭೀಮಶಾ ಅವನ ಬಹುಕಾಲದ ಗೆಳೆಯ. ಒಂದು ದಿನ ಕಲ್ಲಣ್ಣ ಅವನ ಮೇಲೆಯೇ ಎಗರಿದ.

“ಖೋಟಾ ಮಾಲ ತಂದು ನನ್ನ ಕೊಳ್ಳಿಗಿ ಕಟ್ಟತಿ? ಕಳ್ಳ!”

“ವಾಡೇದ ತೊಲಿ ಐತೋ ಮಾರಾಯಾ. ನಿನ್ನ ಮೂಗಿಗೇ ಏನರ ಆಗೈತಿ, ತೋರಿಸಕೋ ಹೋಗು.”

“ನನ್ನ ಮೂಗಿನಾಗ ದೋಷ ಹುಡುಕತಿ? ಎತ್ತು ನಿನ್ನ ತೊಲಿ!”

ಗೆಳೆತನ ಅಲ್ಲಿಗೆ ಮುಗಿಯಿತು. ಕಟ್ಟಿಗೆಯೇ ಸತ್ತಿದೆ ಎಂದುಕೊಂಡ ಕಲ್ಲಣ್ಣ ಯಂತ್ರದ ಗರಗಸ ತಂದು, ಮರದ ಹೊಟ್ಟನ್ನು ಒತ್ತಿ ಮಾಡಿದ ಶೀಟುಗಳನ್ನು ಮುಚ್ಚಿದ ಕೋಣೆಯಲ್ಲಿ ಕೊಯ್ಯತೊಡಗಿದ. ಒಂದು ಹೊಳ್ಳೆಯಿಂದ ಆಗಾಗ ರಕ್ತ ಬರುತ್ತಿತ್ತು. ಧೂಳಿನಿಂದ ಎಂದುಕೊಂಡು ಒರಸಿಕೊಳ್ಳುತ್ತಿದ್ದ.

ಒಂದು ಮುಂಜಾನೆ ಹೆಂಡತಿ ಸುಗಲಾಬಾಯಿ ನೀರು ತುಂಬಿ ಒಳಗೆ ಬಂದಾಗ, ಒಲೆಯ ಮೇಲಿನ ಹಾಲು ಸೀದು ಕರಕಲಾಗಿತ್ತು. ಅದಕ್ಕೆ ಬೆನ್ನು ಮಾಡಿ ಅವನು ಚಹಾ ಕುಡಿಯುತ್ತಿದ್ದ.

“ಮನೀ ತುಂಬ ಸೀದ ವಾಸನಿ ಹೊಡ್ಯಾಕತ್ತೈತಿ, ನಿಮಗ ತಿಳೀಲಿಲ್ಲೇನ್ರಿ?”

“ಯಾವ ವಾಸನಿ?”

ಅವಳು ಬೆಳ್ಳುಳ್ಳಿ ಜಜ್ಜಿ ಅವನ ಮೂಗಿನ ಕೆಳಗೆ ಹಿಡಿದಳು. ಅವನು ಎರಡು ಸಲ ಜೋರಾಗಿ ಮೂಸಿದ, ಏನೂ ತಿಳಿಯಲಿಲ್ಲ.

ಸೋಲಾಪುರದ ವೈದ್ಯರು ಮೂಗಿನೊಳಗೆ ಗಡ್ಡೆ ಎಂದರು. ಕಣ್ಣಿನ ಬುಡಕ್ಕೆ ಹಬ್ಬಿತ್ತು. ಮರದ ಧೂಳು ಇಂಥ ಕ್ಯಾನ್ಸರಿಗೆ ಕಾರಣವಾಗುತ್ತದೆಂಬುದು ವಿಜ್ಞಾನಕ್ಕೆ ಗೊತ್ತು. ಇವನಿಗೆ ಬಂದದ್ದು ಅದರಿಂದಲೇ ಎಂದು ಯಾರೂ ಖಚಿತವಾಗಿ ಹೇಳಲಾರರು. ವಾಸನೆ ಹೋದಾಗಲೇ ಬಂದಿದ್ದರೆ ಪ್ರಾಯಶಃ ಕತ್ತರಿಸಿ ತೆಗೆಯಬಹುದಿತ್ತು, ಈಗ ಆಗದು ಎಂದಷ್ಟೇ ವೈದ್ಯರು ಹೇಳಿದರು.

ಮರಳುವ ಎಸ್‌ಟಿ ಬಸ್ಸಿನಲ್ಲಿ ಸುಗಲಾಬಾಯಿ ಮೆಲ್ಲಗೆ ಕೇಳಿದಳು: “ಭೀಮಶಾಗ ಹೇಳಿ ಕಳಸಲೇನ್ರಿ?”

“ಏನಂತ? ಅಂವಾ ಅವತ್ತೇ ಹೇಳಿದ್ದ. ನಾನ ಅವಗ ಕಳ್ಳ ಅಂದೆ.”

ಅವನು ಕಿಟಕಿಯ ಕಡೆ ತಿರುಗಿದ. ಗಡ್ಡೆ ಒತ್ತುತ್ತಿದ್ದ ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಅಳುತ್ತಿದ್ದಾನೆಂದು ತಿಳಿದು ಅವಳು ಸೆರಗಿನಿಂದ ಒರಸಿದಳು. ಒರಸಿದಷ್ಟೂ ತುಂಬಿಕೊಂಡಿತು.