ಗೇಣಗಲ ಜಾಗ

ಅಮೀರ್‌ಪೇಟ್‌ನಲ್ಲಿ ಸಾಫ್ಟ್‌ವೇರ್ ಕಲಿಯಲು ಹೋಗುವಾಗ ಮಗಳನ್ನು ನಾರಾಯಣಗೂಡದ ಬಾಲವಾಡಿಯಲ್ಲಿ ಬಿಡುತ್ತಿದ್ದೆ. ಅಲ್ಲಿನ ಅಕ್ಕೋರು ಕಲಬುರಗಿಯವರು. ಮಗುವಿನ ಮೂಗು ಒರೆಸುವುದಿದ್ದರೂ ಎದುರು ಕುಕ್ಕರಗಾಲಲ್ಲಿ ಕೂತು, ಕರ್ಚೀಫು ತೋರಿಸಿ, ಅದು ತಲೆಯಾಡಿಸುವವರೆಗೆ ಕಾಯುತ್ತಿದ್ದರು. “ಮೊದಲ ಕೇಳು, ಆಮ್ಯಾಲೆ ಮುಟ್ಟು” ಎಂಬುದು ಅವರ ನಿತ್ಯದ ಮಾತು.

ಗುಂಪು ಫೋಟೊದ ದಿನ ಫೋಟೊಗ್ರಾಫರ್ ಮಕ್ಕಳನ್ನು ಒತ್ತಿ ನಿಲ್ಲಿಸಿದ. ಪಕ್ಕದ ಹುಡುಗ ಹೆಗಲ ಮೇಲೆ ಕೈಯಿಟ್ಟಾಗ ನನ್ನ ಮಗಳು “ಬ್ಯಾಡ” ಎಂದಳು. ಒಂದೇ ಫೋಟೊ ತಾನೇ ಎಂದು ಫೋಟೊಗ್ರಾಫರ್ ರೇಗಿದ.

“ಆಕಿ ಬ್ಯಾಡ ಅಂದಾಳ್ರಿ,” ಎಂದರು ಅಕ್ಕೋರು. ಮಕ್ಕಳತ್ತ ತಿರುಗಿ, “ಈಗ ಏನ್ ಮಾಡೂಣು?” ಎಂದು ಕೇಳಿದರು.

ಹುಡುಗ ಕೈ ತೆಗೆದ. ಇಡೀ ಸಾಲು ಒಬ್ಬರನ್ನೊಬ್ಬರು ಕೇಳಿಕೊಂಡು ಸ್ವಲ್ಪ ಸ್ವಲ್ಪ ಸರಿದು ನಿಂತಿತು.

ಆ ಫೋಟೊದಲ್ಲಿ ಮಗಳ ಎರಡೂ ಬದಿಗೆ ಗೇಣಗಲ ಜಾಗವಿದೆ. ಹಿಂದೆ ಅಕ್ಕೋರು ಕೈಕಟ್ಟಿ ನಿಂತಿದ್ದಾರೆ, ಆ ಜಾಗಕ್ಕೆ ಕಾವಲಿದ್ದವರ ಹಾಗೆ.