ಕೊಳದ ದಂಡೆಯ ಎರಡು ಜೊತೆ ಶೂ

ನನ್ನ ಶೂಗಳನ್ನು ಎದೆಗವಚಿಕೊಂಡು ಮುದುಕನೊಬ್ಬ ಕೊಳದ ನೀರಿನೊಳಗೆ ಇಣುಕಿ ಇಣುಕಿ ಕೂಗುತ್ತಿದ್ದ. ಜಪಾನಿಗೆ ಬಂದು ಎರಡು ತಿಂಗಳಾಗಿದ್ದ ನನಗೆ ಆ ಭಾಷೆ ಅರ್ಧಂಬರ್ಧ. ಆದರೆ ಅವನ ದನಿಯಲ್ಲಿದ್ದ ಭಯ ಅರ್ಥವಾಯಿತು.

ಒಸಾಕಾದ ವೃದ್ಧಾಶ್ರಮವೊಂದರಲ್ಲಿ ನನ್ನದು ಆರೈಕೆಯ ಕೆಲಸ. ಕೋಲಾರದಲ್ಲಿ ನರ್ಸಿಂಗ್ ಓದಿ, ದೇವರಾಯಸಮುದ್ರದ ಹಿಪ್ಪುನೇರಳೆ ತೋಟ ಬಿಟ್ಟು ಬಂದವಳು ನಾನು. ಇಲ್ಲಿನ ಕೋಣೆಯಲ್ಲಿ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ, ರಾಗಿಹಿಟ್ಟು ಮಾತ್ರ ಸಿಗುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಒಂದು ದೂರು ಬಂದರೂ ವಾಪಸ್ ಕಳಿಸುತ್ತಾರೆ ಎಂದು ಜೊತೆಯವರು ಹೆದರಿಸಿದ್ದರು.

ನನ್ನ ಪಾಲಿಗೆ ಬಂದವರು ಸಾತೋ ಅಜ್ಜಿ. ಮಾತಿಲ್ಲ, ಕತೆಯಿಲ್ಲ. ಉಣಿಸುವಾಗ ನಾನು ಅವರ ಭಾಷೆಯಲ್ಲಿ ತೊದಲುತ್ತ ನಮ್ಮ ಕೆರೆ, ನಮ್ಮ ಗುಡಿ ಅಂತ ಹೇಳುತ್ತಿದ್ದರೆ ಗೋಡೆ ನೋಡುತ್ತಿದ್ದರು. ಒಂದು ದಿನ ಕಿಟಕಿಯತ್ತ ಬೆರಳು ತೋರಿಸಿ "ಜಿಂಜಾ" ಎಂದರು. ಜಿಂಜಾ ಎಂದರೆ ಶಿಂಟೋ ದೇವರ ಗುಡಿ. ಮೇಲ್ವಿಚಾರಕಿ ಒಂದು ಗಂಟೆ ಕೊಟ್ಟರು. ಕೊಡುವಾಗ ಅವರ ಮುಖದಲ್ಲಿ ನಗುವಿರಲಿಲ್ಲ.

ರೈಲು, ಕಾರುಗಳ ಗದ್ದಲದ ನಡುವೆಯೇ ಕೆಂಪು ಕಮಾನು. ಅದಕ್ಕೆ ತೋರೀ ಎನ್ನುತ್ತಾರೆ. ಅದನ್ನು ದಾಟಿದೊಡನೆ ಪಾಚಿ ಹಬ್ಬಿದ ಕಲ್ಲು, ಪೈನ್ ಮರ, ಕೊಳ, ಆಚೆಗೆ ಪುಟ್ಟ ಗುಡಿ. ಎಷ್ಟು ನಿಶ್ಶಬ್ದವೆಂದರೆ ನನಗೆ ಹೆದರಿಕೆಯೇ ಆಯಿತು. ಕಾಲುಗಳು ತಾವಾಗಿ ಶೂ ಕಳಚಿದವು. ಇಲ್ಲಿಯ ಜನ ಮನೆಯೊಳಗೆ ಬರುವಾಗ ಶೂ ಬಿಡುತ್ತಾರೆ, ಗುಡಿಯ ಅಂಗಳದಲ್ಲಿ ಬಿಡುವುದಿಲ್ಲ. ಅದು ನನಗೇನು ಗೊತ್ತು? ಅಜ್ಜಿ ನನ್ನನ್ನೇ ನೋಡಿ, ಕೋಲೂರಿ ನಿಂತು, ತಮ್ಮವನ್ನೂ ಬಿಟ್ಟರು. ಎರಡೂ ಜೊತೆಯನ್ನು ಕೊಳದ ದಂಡೆಯಲ್ಲಿ ಒಪ್ಪವಾಗಿ ಜೋಡಿಸಿ, ಕಾಲುಚೀಲದಲ್ಲೇ ಗುಡಿ ಸುತ್ತಲು ಹೋದೆವು.

ತಿರುಗಿ ಬರುವಷ್ಟರಲ್ಲಿ ಈ ಕೂಗು. ಆತ ಗುಡಿಯ ತೋಟ ನೋಡಿಕೊಳ್ಳುವವನು. ನಮ್ಮನ್ನು ಕಂಡವನೇ ಕುಸಿದು ಕುಳಿತ. ಆಮೇಲೆ ಅವನಿಗೆ ಸಿಟ್ಟು ಬಂತು. ನೀರಿನ ಪಕ್ಕ ಶೂ ಜೋಡಿಸಿಟ್ಟಿದ್ದರೆ ಇಲ್ಲಿ ಮೊದಲು ಹೊಳೆಯುವುದು ಒಂದೇ: ಯಾರೋ ಹಾರಿ ಪ್ರಾಣ ಬಿಟ್ಟಿದ್ದಾರೆ. ಅಜ್ಜಿಯ ಕೊರಳಲ್ಲಿದ್ದ ಆಶ್ರಮದ ಕಾರ್ಡ್ ಓದಿ ಆತ ಫೋನ್ ತೆಗೆದ. ಆಶ್ರಮಕ್ಕೆ ದೂರು ಹೋದರೆ ನಾನು ವಾಪಸ್.

"ಫೋನ್ ಒಳಗಿಡು," ಎಂದರು ಅಜ್ಜಿ. "ಇವಳ ಊರಲ್ಲಿ ದೇವರ ಹತ್ತಿರ ಹೀಗೇ ಹೋಗೋದು. ಹೇಳಿದ್ದಾಳೆ. ನಾನೂ ಹಾಗೇ ಹೋದೆ."

ಆತ ತಲೆಬಾಗಿ ಶೂಗಳನ್ನು ನಮ್ಮ ಕಾಲ ಬಳಿ ಇಟ್ಟ. ನಾನು ಅಲ್ಲೇ ಅತ್ತುಬಿಟ್ಟೆ. ಅಷ್ಟು ದಿನ ಗೋಡೆ ನೋಡುತ್ತಲೇ ಅಜ್ಜಿ ನನ್ನ ಮಾತೆಲ್ಲವನ್ನೂ ಕೇಳಿಸಿಕೊಂಡಿದ್ದರು. ಆ ದಿನ ಸಂಜೆ ಮೊದಲ ಸಲ ಅವರ ತಟ್ಟೆ ಖಾಲಿಯಾಯಿತು. ದೂರು ಬರಲಿಲ್ಲ.

ಹೋದ ವರ್ಷ ರಜೆಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಕೆರೆಯ ಕಡೆ ಹೋದರೆ ಮೆಟ್ಟಿಲ ಮೇಲೆ ಅಮ್ಮನ ಚಪ್ಪಲಿ, ಅಕ್ಕಪಕ್ಕ ಜೋಡಿಸಿಟ್ಟಂತೆ. ಅಮ್ಮ ಎಲ್ಲೂ ಕಾಣಲಿಲ್ಲ. ಕಿರುಚುತ್ತ ನೀರಿನತ್ತ ಓಡಿದೆ.

ದಡದ ಗುಡಿಯಿಂದ ಅಮ್ಮ ಕುಂಕುಮದ ಕೈಯಲ್ಲೇ ಓಡಿ ಬಂದಳು. "ಏಮಾಯ್ನೇ?" ಏನಾಯ್ತೇ ಎಂದು ಕೇಳಲೂ ಗಾಬರಿಯಲ್ಲಿ ಅವಳಿಗೆ ಬರುವುದು ತೆಲುಗೇ. ಕಾರಣ ಹೇಳಿದೆ. ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಗುಡಿಗ್ ಹೋಗೋವಾಗ ಚಪ್ಲಿ ಬಿಡ್ದೆ ಇನ್ನೇನ್ ಮಾಡ್ತಾರೆ ಕಣೇ? ಹುಟ್ಟಿದಾಗಿಂದ ನೋಡಿಲ್ವಾ ನೀನು?"

ನೋಡಿದ್ದೆ. ಆದರೂ ಮನೆ ಮುಟ್ಟುವವರೆಗೆ ಆ ಚಪ್ಪಲಿಗಳನ್ನು ಎದೆಗವಚಿಕೊಂಡೇ ನಡೆದೆ.